ಅವಳಿ ಗೋಪುರ ನಾಳೆಗಿರಲಿ

ಮಲೇಷ್ಯಾದ ಕ್ವಾಲಾಲಂಪುರಕ್ಕೆ ಹೋದವರೆಲ್ಲ ಮೊದಲು ಪೆಟ್ರೊನಾಸ್ ಗೋಪುರಗಳತ್ತ ಓಡುತ್ತಾರೆ. ನಾವೂ ಓಡಿದೆವು. ಅಂದು ಸೋಮವಾರ, ಮೇಲೆ ಹತ್ತಲು ಬಿಡುವುದಿಲ್ಲ! ವಾರ ನೋಡಿಕೊಳ್ಳದ ತಪ್ಪು ನನ್ನದೇ. 452 ಮೀಟರ್ ಎತ್ತರವನ್ನು ಕತ್ತು ನೋಯುವಷ್ಟು ನೋಡಿ, ರೈಲು ಹತ್ತಿ ಮಸ್ಜಿದ್ ಜಾಮೆಕ್ ನಿಲ್ದಾಣದಲ್ಲಿ ಇಳಿದೆವು. ನನ್ನ ಪಾಲಿಗೆ ಊರು ಶುರುವಾದದ್ದು ಅಲ್ಲಿಂದ.

ಗೊಂಬಾಕ್ ಮತ್ತು ಕ್ಲಾಂಗ್ ಹೊಳೆಗಳು ಕೂಡುವ ಜಾಗವದು. ಊರಿನ ಹೆಸರಿನ ಅರ್ಥವೇ ಕೆಸರಿನ ಸಂಗಮ. ನೀರು ಈಗಲೂ ಹಾಲು ಹೆಚ್ಚಾದ ಚಹಾದ ಬಣ್ಣದ್ದೇ. ಸಂಗಮದ ಮೂಲೆಯಲ್ಲಿ 1909ರ ಮಸೀದಿಯಿದೆ; ಶುಕ್ರವಾರದ ಪ್ರಾರ್ಥನೆಯ ಹೊತ್ತನ್ನು ಬಿಟ್ಟು ಹೋಗಿ, ಮೈತುಂಬ ಬಟ್ಟೆಯಿರಲಿ. ನಾಲ್ಕು ಹೆಜ್ಜೆಯಾಚೆ ಮೆರ್ಡೆಕಾ ಮೈದಾನ. ಬ್ರಿಟಿಷರು ಕ್ರಿಕೆಟ್ ಆಡುತ್ತಿದ್ದ ಈ ಹುಲ್ಲಿನ ಮೇಲೆಯೇ 1957ರ ಆಗಸ್ಟ್‌ನ ಕೊನೆಯಲ್ಲಿ, ನಡುರಾತ್ರಿ, ಅವರ ಬಾವುಟ ಕೆಳಗಿಳಿಯಿತು. ಎದುರಿಗಿರುವ ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡದ ಕಮಾನು, ತಾಮ್ರದ ಗುಮ್ಮಟಗಳನ್ನು ಕಂಡು ನನ್ನ ಹೆಂಡತಿ, "ಇದೇನು, ಮೈಸೂರಿನ ಕಡೆಯದಂತಿದೆಯಲ್ಲ" ಎಂದಳು. ಸುಮ್ಮನೆ ಅಂದದ್ದಲ್ಲ. ಈ ಕಟ್ಟಡ ಮುಗಿದದ್ದು 1897ರಲ್ಲಿ. ಅದೇ ವರ್ಷ ಮೈಸೂರಿನ ಹಳೆಯ ಅರಮನೆ ಸುಟ್ಟು, ಇದೇ ಮಾದರಿಯ ಹೊಸ ಅರಮನೆಗೆ ದಾರಿಯಾಯಿತು. ಭಾರತದಲ್ಲಿ ಕಟ್ಟಿ ರೂಢಿಯಾಗಿದ್ದ ಶೈಲಿಯನ್ನೇ ಬ್ರಿಟಿಷರು ಇಲ್ಲಿಗೂ ತಂದಿದ್ದರು.

ಈ ಸುತ್ತಾಟವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಳ್ಳಿ. ಆಮೇಲಿನ ಸೆಖೆ ನಮ್ಮ ಮಂಗಳೂರನ್ನೂ ಮರೆಸುತ್ತದೆ, ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಮಳೆ. ಮಳೆ ಬಂದರೆ ಹಳೆಯ ಅಂಗಡಿಸಾಲಿನ ಜಗಲಿಗೆ ನುಗ್ಗಿ. ಅದನ್ನು 'ಕಾಕಿ ಲಿಮಾ' ಎನ್ನುತ್ತಾರೆ, ಐದು ಅಡಿ ಎಂದು ಅರ್ಥ. ಅಂಗಡಿ ಖಾಸಗಿಯಾದರೂ ಮುಂದಿನ ಜಗಲಿ ನಡೆಯುವವರಿಗೆ.

ಸಸ್ಯಾಹಾರಿಗಳಿಗೆ ಒಂದು ಮಾತು: ಬರೀ ಸೊಪ್ಪಿನ ಪಲ್ಯ ಎಂದು ತರಿಸಿಕೊಂಡದ್ದರಲ್ಲೂ ಒಣಸೀಗಡಿಯ ವಾಸನೆ ಹೊಡೆಯಿತು. 'ಬೆಲಚಾನ್', ಅಂದರೆ ಹುದುಗಿಸಿದ ಸೀಗಡಿಯ ಮುದ್ದೆ, ಹಾಕಿದ್ದೀರಾ ಎಂದು ಮೊದಲೇ ಕೇಳಿ. ಇಲ್ಲವೇ ಭಾರತೀಯರ ಅಂಗಡಿ-ಹೋಟೆಲುಗಳಿರುವ ಬ್ರಿಕ್‌ಫೀಲ್ಡ್ಸ್ ಬಡಾವಣೆಗೆ ಹೋದರೆ ಬಾಳೆಲೆಯ ಊಟವೇ ಸಿಗುತ್ತದೆ. ಅಲ್ಲಿಂದ ನಡೆದೇ ಊರಿನ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್ ತಲುಪಿ, ಲೋಕಲ್ ರೈಲಿನಲ್ಲಿ ಮುರುಗನ ಗುಡಿಯಿರುವ ಬಾಟು ಗುಹೆಗೆ ಹೋಗಬಹುದು. 272 ಮೆಟ್ಟಿಲು, ಹಣ್ಣಿನ ಚೀಲ ಕೈಯಲ್ಲಿದ್ದರೆ ಅದು ಮಂಗಗಳದ್ದು.

2023ರ ಡಿಸೆಂಬರ್‌ನಿಂದ ನಮಗೆ ಒಂದು ತಿಂಗಳವರೆಗೆ ವೀಸಾ ಬೇಡವಾಗಿದೆ, ಆದರೂ ಟಿಕೆಟ್ ಕೊಳ್ಳುವ ಮುನ್ನ ನಿಯಮ ನೋಡಿಕೊಳ್ಳಿ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಚಪ್ಪಟೆ ಮೂರು ಕಡ್ಡಿಯ ಪ್ಲಗ್ ಅಡಾಪ್ಟರನ್ನೂ ಒಯ್ಯಿರಿ. ನಾನು ಅದನ್ನು ಮರೆತು, ಮೊದಲ ದಿನದ ಅರ್ಧ ಫೋಟೊಗಳನ್ನು ಹೆಂಡತಿಯ ಮೊಬೈಲಿನಿಂದ ಬೇಡಿ ಪಡೆದೆ.