ಬಾಗಿಲು ತೆರೆದ ಐದು ನಿಮಿಷದಲ್ಲಿ ಮಾಯವಾಗುವ ಪ್ರೋಟೀನ್

ಆಮ್ಲಜನಕ ಕಡಿಮೆಯಾದರೆ ಆಕ್ಸಿಡೀಕರಣದ ಒತ್ತಡವೂ (ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳ ಹೊರೆ) ಇಳಿಯಬೇಕು ಅನಿಸುತ್ತದೆ. ಹಲವು ಬಗೆಯ ಜೀವಕೋಶಗಳಲ್ಲಿ ಕಂಡಿರುವುದು ಇದಕ್ಕೆ ತದ್ವಿರುದ್ಧ. ಆಮ್ಲಜನಕ ಶೇ. 1ರ ಆಸುಪಾಸಿಗೆ ಇಳಿದಾಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಎಲೆಕ್ಟ್ರಾನ್ ಸಾಗಿಸುವ ಮೂರನೇ ಕಾಂಪ್ಲೆಕ್ಸ್‌ನಿಂದ ಎಲೆಕ್ಟ್ರಾನ್ ಸೋರಿ ಸೂಪರಾಕ್ಸೈಡ್ ಆಗುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್.

ಇದು ಜೀನ್‌ಗಳವರೆಗೆ ಮುಟ್ಟುವುದು ಎಚ್‌ಐಎಫ್-1ಆಲ್ಫಾ ಮೂಲಕ, ಅಂದರೆ ಆಮ್ಲಜನಕ ಕಡಿಮೆಯಾದಾಗ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಮೂಲಕ. ಮಾಮೂಲಿ ಗಾಳಿಯಲ್ಲಿ ಪಿಎಚ್‌ಡಿ ಕಿಣ್ವಗಳು ಅದರ 402 ಮತ್ತು 564ನೇ ಸ್ಥಾನದ ಪ್ರೋಲೀನ್ ಅಮೈನೋ ಆಮ್ಲಗಳಿಗೆ ಹೈಡ್ರಾಕ್ಸಿಲ್ ಸೇರಿಸುತ್ತವೆ. ವಿಎಚ್‌ಎಲ್ ಎಂಬ ಪ್ರೋಟೀನ್ ಆ ಗುರುತು ಹಿಡಿದು ಎಚ್‌ಐಎಫ್-1ಆಲ್ಫಾವನ್ನು ಪ್ರೋಟೀನ್ ಪುಡಿಮಾಡುವ ಪ್ರೋಟಿಯಸೋಮ್‌ಗೆ ಕಳಿಸುತ್ತದೆ. ಪಿಎಚ್‌ಡಿಗೆ ಆಮ್ಲಜನಕವೊಂದೇ ಸಾಲದು, ಕೋಶದಲ್ಲೇ ಇರುವ 2-ಆಕ್ಸೊಗ್ಲುಟರೇಟ್ ಎಂಬ ಸಣ್ಣ ಅಣು ಬೇಕು, ಅದರೊಳಗಿನ ಕಬ್ಬಿಣ ಫೆರಸ್ ರೂಪದಲ್ಲೇ ಇರಬೇಕು. ಕಬ್ಬಿಣ ಆಕ್ಸಿಡೀಕರಣಗೊಂಡು ಫೆರಿಕ್ ಆದರೆ ಕಿಣ್ವ ನಿಂತುಹೋಗುತ್ತದೆ, ಆಸ್ಕಾರ್ಬೇಟ್ (ವಿಟಮಿನ್ ಸಿ) ಅದನ್ನು ಮತ್ತೆ ನಡೆಸುತ್ತದೆ. ಆಕ್ಸಿಡೀಕರಣದ ಒತ್ತಡ ಕೈಹಾಕುವುದು ಇಲ್ಲಿಯೇ ಎಂಬುದು ಬಲವಾದ ವಾದ.

ಆದರೆ ಹೆಚ್ಚಿನ ಪ್ರಯೋಗಗಳು ಕೆಡುವುದು ಅರ್ಥೈಸುವಾಗ ಅಲ್ಲ, ಕಡಿಮೆ ಆಮ್ಲಜನಕದ ಚೇಂಬರ್‌ನಿಂದ ಕೋಶಗಳ ತಟ್ಟೆ ಹೊರತೆಗೆಯುವಾಗ. ಮಾಮೂಲಿ ಗಾಳಿಯಲ್ಲಿ ಎಚ್‌ಐಎಫ್-1ಆಲ್ಫಾದ ಅರ್ಧಾಯುಷ್ಯ ಐದು ನಿಮಿಷದಷ್ಟೇ. ತಟ್ಟೆ ತಂದು, ಮೀಡಿಯಂ (ಕೋಶ ಬೆಳೆಸುವ ದ್ರವ) ಚೆಲ್ಲಿ, ತೊಳೆಯುವಷ್ಟರಲ್ಲಿ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಈ ಪ್ರೋಟೀನ್ ತೋರಿಸುವ ಬ್ಯಾಂಡ್ (ಪಟ್ಟಿ) ಅರ್ಧ ಕರಗಿರುತ್ತದೆ. ಚೇಂಬರ್ ಒಳಗೇ ಬಿಸಿ ಎಸ್‌ಡಿಎಸ್ (ಪ್ರೋಟೀನ್ ಬಿಚ್ಚಿಹಾಕುವ ಮಾರ್ಜಕ) ಬಫರ್ ಸುರಿದು ಕೋಶ ಒಡೆಯಿರಿ, ಕಿಣ್ವಗಳು ಆ ಕ್ಷಣವೇ ಸಾಯುತ್ತವೆ. ಅದಾಗದಿದ್ದರೆ ತಟ್ಟೆಯನ್ನು ನೇರ ಮಂಜುಗಡ್ಡೆಯ ಮೇಲಿಟ್ಟು, ಕಬ್ಬಿಣ ಹಿಡಿದಿಡುವ ಡೆಸ್ಫೆರಾಕ್ಸಮೈನ್ 100 ಮೈಕ್ರೋಮೋಲಾರ್ ಬೆರೆಸಿದ ತಣ್ಣನೆಯ ಬಫರ್ ಬಳಸಿ. ಬ್ಯಾಂಡನ್ನು 120 ಕಿಲೋಡಾಲ್ಟನ್ ಹತ್ತಿರ ಹುಡುಕಿ, ಅಮೈನೋ ಆಮ್ಲಗಳ ಲೆಕ್ಕದಿಂದ ಬರುವ 93ರಲ್ಲಿ ಅಲ್ಲ.

ಮೀಡಿಯಂ ಇನ್ನೊಂದು ತೊಡಕು. ಚೇಂಬರ್ ಶೇ. 1 ತೋರಿಸಿದ ಮಾತ್ರಕ್ಕೆ ದ್ರವವೂ ಅಲ್ಲಿಗೆ ಇಳಿದಿರುವುದಿಲ್ಲ, ಅದಕ್ಕೆ ಗಂಟೆಗಟ್ಟಲೆ ಬೇಕು. ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ ತೆಳುವಾಗಿ ಹರಡಿ ಒಳಗಿಟ್ಟರೆ ಸಾಕು.

ಒತ್ತಡದ ಪಾತ್ರ ನೋಡಲು ಆಕ್ಸಿಡೀಕರಣ ತಡೆಯುವ ಎನ್-ಅಸಿಟೈಲ್‌ಸಿಸ್ಟೀನ್ 5 ಮಿಲಿಮೋಲಾರ್ ಹಾಕುವ ರೂಢಿಯಿದೆ. ಅದು ಹುಳಿ ಪದಾರ್ಥ. ಪಿಎಚ್ 7.4ಕ್ಕೆ ತಾರದೆ ಹಾಕಿದರೆ ಕಾಣುವುದು ಆಮ್ಲದ ಪರಿಣಾಮ. ಪೆರಾಕ್ಸೈಡ್ ಅಳೆಯಲು ಬಳಸುವ ಡಿಸಿಎಫ್ ಬಣ್ಣವನ್ನಂತೂ ಒಂಟಿಯಾಗಿ ನಂಬಬಾರದು: ಅದರ ಹೊಳಪು ಪೆರಾಕ್ಸೈಡ್ ಪ್ರಮಾಣವನ್ನು ನೇರವಾಗಿ ಹೇಳುವುದಿಲ್ಲ, ಜೊತೆಗೆ ತಾನೇ ಸೂಪರಾಕ್ಸೈಡ್ ಹುಟ್ಟಿಸಬಲ್ಲದು.

ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ ಹೋಲಿಕೆಯ ಸ್ಥಿರ ಜೀನ್ ಆಗಿ ಜಿಎಪಿಡಿಎಚ್ ಬೇಡ. ಗ್ಲೈಕೊಲಿಸಿಸ್‌ನ (ಸಕ್ಕರೆ ಒಡೆಯುವ ಕ್ರಿಯೆಯ) ಈ ಜೀನನ್ನು ಎಚ್‌ಐಎಫ್ ತಾನೇ ಏರಿಸುತ್ತದೆ. ಎಚ್‌ಎಮ್‌ಓಎಕ್ಸ್1 ಜೀನ್ ಏರಿತೆಂದು ಆಕ್ಸಿಡೀಕರಣ ಸಾಬೀತಾಯಿತು ಅನ್ನುವುದೂ ಅವಸರ, ಏಕೆಂದರೆ ಅದು ಎಚ್‌ಐಎಫ್ ಮಾತನ್ನೂ ಆಕ್ಸಿಡೀಕರಣಕ್ಕೆ ಎಚ್ಚೆತ್ತುಕೊಳ್ಳುವ ಎನ್‌ಆರ್‌ಎಫ್2 ಪ್ರೋಟೀನ್ ಮಾತನ್ನೂ ಕೇಳುತ್ತದೆ. ಜೊತೆಗೆ ಎಚ್‌ಐಎಫ್ ಏರಿಸುವ ಸಿಎ9 ಮತ್ತು ಎನ್‌ಆರ್‌ಎಫ್2 ಏರಿಸುವ ಎನ್‌ಕ್ಯೂಓ1 ಜೀನ್‌ಗಳನ್ನು ಅಳೆಯಿರಿ. ಸಿಎ9 ಮಾತ್ರ ಏರಿದರೆ ಎಚ್‌ಐಎಫ್ ಕಡೆಗೆ ಬೊಟ್ಟು. ಎನ್‌ಕ್ಯೂಓ1 ಕೂಡ ಏರಿದರೆ ಎನ್‌ಆರ್‌ಎಫ್2 ಎಚ್ಚೆತ್ತಿದೆ, ಆಗ ಮೊದಲು ಅನುಮಾನಿಸಬೇಕಾದದ್ದು ನಡುವೆ ಚೇಂಬರ್ ಬಾಗಿಲು ತೆರೆದು ಆಮ್ಲಜನಕ ಮರಳಿ ನುಗ್ಗಿತೇ ಎಂಬುದನ್ನು.