ಕೊಪ್ಪರಿಗೆಯ ಮುಂದೆ ಒಂದು ಹಗಲು

ಸಂಕ್ರಾಂತಿ ಕಳೆದ ಮರುವಾರ, ಪಾಂಡವಪುರದ ಬಳಿ ನಮ್ಮ ದೊಡ್ಡಪ್ಪ ನಡೆಸುವ ಆಲೆಮನೆಗೆ ಹೋಗಿದ್ದೆ. ಮೈಸೂರಿನ ಮನೆಯಲ್ಲೇ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ನನಗೆ ಭಾನುವಾರವೆಂಬುದು ಹೆಸರಿಗಷ್ಟೇ ಉಳಿದಿತ್ತು; ಊಟದ ತಟ್ಟೆಯ ಪಕ್ಕದಲ್ಲಿ ಫೋನು ಇಲ್ಲದಿದ್ದರೆ ಉಪ್ಪು ಬಡಿಸಲು ಮರೆತಂತೆ ಅನ್ನಿಸುತ್ತಿತ್ತು. ಬೆಳಗಿನ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿದ್ದೂ ನನಗೆ ತಿಳಿಯಲಿಲ್ಲ. ಕಚೇರಿಯ ಗುಂಪಿನಲ್ಲಿ ಬಂದು ಬಿದ್ದಿದ್ದ 23 ಸಂದೇಶಗಳನ್ನು ಓದುತ್ತಿದ್ದೆ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬಿಗೆ ಹೆಸರಾದ ಸೀಮೆ ಇದು. ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಆದರೂ ಆಲೆಮನೆಗಳು ಪೂರ್ತಿ ಕಣ್ಮರೆಯಾಗಿಲ್ಲ. ದೊಡ್ಡಪ್ಪನದು ಗೋಡೆಯಿಲ್ಲದ, ತಗಡು ಹೊದಿಸಿದ ಕೊಟ್ಟಿಗೆ. ಒಂದು ಬದಿಗೆ ಗಾಣ, ನಡುವೆ ಒಲೆಯ ಮೇಲೆ ಕೊಪ್ಪರಿಗೆ, ಆಚೆಗೆ ಅಚ್ಚಿನ ಮಣೆಗಳು. ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಬಿಸಿಲಿಗೆ ಒಣಗಿಸಿ ಒಲೆಗೆ ತುಂಬುವುದರಿಂದ ಸೌದೆ ಕೊಳ್ಳುವ ಮಾತೇ ಇಲ್ಲ.

ನನಗೆ ವಹಿಸಿದ್ದು ಅತ್ಯಂತ ಸುಲಭವಾದ ಕೆಲಸ. ಸುಣ್ಣದ ನೀರು ಬೆರೆಸಿದ ಕಬ್ಬಿನ ಹಾಲು ಕುದಿಯುತ್ತ ಮಡ್ಡಿ ಮೇಲೆದ್ದಾಗ ಅದನ್ನು ಜಾಲರಿ ಸೌಟಿನಿಂದ ತೆಗೆದಾಗಿತ್ತು. ಇನ್ನು ನೊರೆ ಅಂಚಿಗೆ ಏರಿದರೆ ಎರಡು ಹನಿ ಎಣ್ಣೆ ಚಿಮುಕಿಸಬೇಕಾಗಿತ್ತು, ಅಷ್ಟೇ. ಐದು ನಿಮಿಷವೂ ಆಗಿರಲಿಲ್ಲ, ಜೇಬಿನಲ್ಲಿ ಫೋನು ನಡುಗಿತು. ಒಂದು ಸಾಲಿನ ಉತ್ತರ ಬರೆದು ತಲೆಯೆತ್ತುವಷ್ಟರಲ್ಲಿ ಹಳದಿ ನೊರೆ ಅಂಚು ಮೀರಿ ಒಲೆಯ ಬಾಯಿಗೆ ಸುರಿದು ಚೊರ್ರೆಂದು ಹೊಗೆಯೆದ್ದಿತು. ದೊಡ್ಡಪ್ಪ ಓಡಿಬಂದು ಎಣ್ಣೆ ಹಾಕಿದರು. "ಪಾಕ ನಿನ್ ಮೀಟಿಂಗ್ ಮುಗಿಯೋಗಂಟ ಕಾದದೇ ಕಲಾ?" ಎಂದರೇ ಹೊರತು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಫೋನನ್ನು ಚೀಲಕ್ಕೆ ಹಾಕಿ, ಚೀಲವನ್ನು ಗೂಟಕ್ಕೆ ತೂಗಿ, ಮುಂದಿನ ಕೊಪ್ಪರಿಗೆಯ ಎದುರು ನಿಂತೆ. ಮೊದಲ ಅರ್ಧ ಗಂಟೆ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗುತ್ತಿತ್ತು. ಆಮೇಲೆ ಯಾವಾಗಲೋ ಹೋಗುವುದು ನಿಂತಿತು. ಎರಡು ಗಂಟೆಗೂ ಮೀರಿ ಒಂದೇ ಪಾತ್ರೆಯನ್ನು ನೋಡಿದವನಿಗೆ ಕಾಣುವುದು ಬೇರೆಯೇ ಲೋಕ: ಮೊದಲು ಅಂಗೈಯಗಲದ ಗುಳ್ಳೆಗಳು, ನೀರು ಇಂಗಿದಂತೆ ಅವು ಚಿಕ್ಕದಾಗುತ್ತ, ಕೊನೆಗೆ ಇಡೀ ಪಾಕವೇ ಸಣ್ಣ ಸಣ್ಣ ಕಣ್ಣು ಬಿಟ್ಟು ಮುಚ್ಚುವಂತೆ ಪುಟಪುಟನೆ ಕುದಿಯುವುದು, ಹಸಿ ವಾಸನೆ ಹೋಗಿ ಕೊಟ್ಟಿಗೆಯೆಲ್ಲ ಬೆಲ್ಲದ ಘಮ ಹರಡುವುದು. ಅಚ್ಚುಬೆಲ್ಲದ ಹದಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕೆಂದು ಓದಿದ್ದೆ, ಅಲ್ಲಿ ಉಷ್ಣಮಾಪಕವಿರಲಿಲ್ಲ. ದೊಡ್ಡಪ್ಪ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಲೋಟದ ಅಂಚಿಗೆ ತಟ್ಟಿದರು. ಟಣ್ ಎಂದಿತು. ಕೂಡಲೇ ನಾಲ್ವರು ಸೇರಿ ಕೊಪ್ಪರಿಗೆಯನ್ನು ಇಳಿಸಿದರು.

ಅವರ ಬೆಲ್ಲ ಕಂದು ಬಣ್ಣದ್ದು. ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕಿದರೆ ಬಂಗಾರದ ಬಣ್ಣ ಬರುತ್ತದೆ, ಮಂಡಿಯಲ್ಲಿ ಬೇಗ ಮಾರಾಟವಾಗುತ್ತದೆ. ಅದರ ತಂಟೆಗೆ ಅವರು ಹೋಗಿಲ್ಲ. ಕಡಿಮೆ ಸಾಮಾನಿನಲ್ಲಿ ಬದುಕುವುದಕ್ಕೂ ಇಂಥದ್ದೇ ನಷ್ಟವಿದೆಯೆಂದು ಆಗ ಹೊಳೆಯಿತು. ಸರಳ ಜೀವನವನ್ನು ಹೊಗಳಿ ಮಾತನಾಡುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಯಾರೂ ಹೆಚ್ಚು ಮಾತನಾಡಲಿಲ್ಲ. ಸಂಜೆ ಚೀಲ ತೆಗೆದು ನೋಡಿದರೆ ಏಳು ಕರೆಗಳು ಬಂದಿದ್ದವು. ಆರು ಮಂದಿ ನಾನಿಲ್ಲದೆಯೇ ಕೆಲಸ ಮುಗಿಸಿಕೊಂಡಿದ್ದರು, ಏಳನೆಯವರು ತಪ್ಪಿ ಕರೆ ಮಾಡಿದ್ದರು.

ಈಗ ಭಾನುವಾರ ಫೋನು ಬೀರುವಿನಲ್ಲಿರುತ್ತದೆ, ಬಹುತೇಕ. ಮೊನ್ನೆ ಬೆಳಿಗ್ಗೆ ಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಅಂದು ಮಂಗಳವಾರ.