ಹತ್ತೊಂಬತ್ತರ ಹುಡುಗಿ, ತುಂಬಿದ ಸ್ಟೇಡಿಯಂ

ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅಂದ ತಕ್ಷಣ ಎಲ್ಲರೂ 23 ಗ್ರ್ಯಾಂಡ್‌ಸ್ಲಾಮ್ ಲೆಕ್ಕ ಒಪ್ಪಿಸ್ತಾರೆ. ನನ್ನ ತಲೆಯಲ್ಲಿ ಇವತ್ತು ಕೂತಿರೋದು ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಟೂರ್ನಿ, 2001ರ ಫೈನಲ್. ಹಳೇ ವಿಡಿಯೊ ಒಂದು ಕಣ್ಣಿಗೆ ಬಿತ್ತು.

ಸೆಮಿಫೈನಲ್‌ನಲ್ಲಿ ಅಕ್ಕ-ತಂಗಿ ಎದುರಾಗಬೇಕಿತ್ತು. ಅಕ್ಕ ವೀನಸ್ ಮೊಣಕಾಲು ನೋವು ಅಂತ ಕೊನೇ ಗಳಿಗೆಯಲ್ಲಿ ಹಿಂದೆ ಸರಿದಳು. ಮ್ಯಾಚ್ ಫಿಕ್ಸಿಂಗು, ಅಪ್ಪನದೇ ಆಟ ಅಂತ ಗುಸುಗುಸು. ಆ ಸಿಟ್ಟನ್ನೆಲ್ಲ ಜನ ಫೈನಲ್‌ನಲ್ಲಿ 19 ವರ್ಷದ ಸೆರೆನಾ ಮೇಲೆ ಕಾರಿಕೊಂಡರು. ಸರ್ವ್ ಎರಡು ಸಲ ತಪ್ಪಿ ಡಬಲ್ ಫಾಲ್ಟ್ ಆದರೆ ಚಪ್ಪಾಳೆ, ಪಾಯಿಂಟ್ ಗೆದ್ದರೆ ಕೂಗಾಟ! ಜನಾಂಗೀಯ ಬೈಗುಳಗಳನ್ನೂ ಕೇಳಿದೆವು ಅಂತ ಅಪ್ಪ ರಿಚರ್ಡ್ ಆಮೇಲೆ ಹೇಳಿದರು. ಅಷ್ಟರ ನಡುವೆಯೂ ಮೊದಲ ಸೆಟ್ ಸೋತು, ಕಿಮ್ ಕ್ಲೈಸ್ಟರ್ಸ್ ವಿರುದ್ಧ ಗೆದ್ದೇಬಿಟ್ಟಳು. ಮತ್ತೆ ಅಲ್ಲಿಗೆ ಕಾಲಿಟ್ಟದ್ದು 2015ರಲ್ಲಿ. ಹದಿನಾಲ್ಕು ವರ್ಷ! ನಾವಾದರೆ ಮುಂದಿನ ವರ್ಷವೇ "ಹೋಗಲಿ ಬಿಡು" ಅಂತಿದ್ವೇನೋ.

ಈ ಅಕ್ಕ-ತಂಗಿಗಿಂತ ಎಷ್ಟೋ ಮೊದಲು ಆಲ್ಥಿಯಾ ಗಿಬ್ಸನ್ ಅನ್ನೋ ಕಪ್ಪು ಆಟಗಾರ್ತಿ ಇದ್ದರು. 1950ರವರೆಗೆ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಬಾಗಿಲೇ ಕಪ್ಪು ಆಟಗಾರರಿಗೆ ತೆರೆದಿರಲಿಲ್ಲ. 1957ರಲ್ಲಿ ಆಕೆ ವಿಂಬಲ್ಡನ್ ಗೆದ್ದು ರಾಣಿ ಎಲಿಜಬೆತ್ ಕೈಯಿಂದಲೇ ಟ್ರೋಫಿ ಪಡೆದರು. ಆಗ ಬಹುಮಾನದ ಹಣ ಮಾತ್ರ ಸೊನ್ನೆ, ದುಡ್ಡಿಲ್ಲದೆ ಹವ್ಯಾಸಕ್ಕೆ ಆಡೋ ಅಮೆಚೂರ್ ಕಾಲ.

ಹಣದ ಲೆಕ್ಕ ಕೇಳಿದ್ದು ವೀನಸ್. 2005ರಲ್ಲಿ ವಿಂಬಲ್ಡನ್ ಫೈನಲ್‌ನ ಹಿಂದಿನ ದಿನ ಅಧಿಕಾರಿಗಳ ಮುಂದೆ ಕೂತು ಗಂಡಸರಿಗೆ ಸಮಾನ ಬಹುಮಾನ ಕೇಳಿದಳು. 2007ರಲ್ಲಿ ಅದು ಸಿಕ್ಕಿತು. ಆ ವರ್ಷ ಕಪ್ ಗೆದ್ದವಳೂ ಅವಳೇ, ಚೆಕ್ಕು ಪುರುಷರ ಚಾಂಪಿಯನ್ ಫೆಡರರ್‌ನದರಷ್ಟೇ!